ಬಾಣಂತಿ ಸಾರು

ಮಾಲ್‌ಸುನ್ ಅಜ್ಜಿಯ ಬಾಯಿಗೆ ಹೆದರದವರು ಮೊಕ್‌ಪೊ ಬಂದರಿನ ಆ ಧರ್ಮದೂಟದ ಅಡುಗೆಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಕ್ಕಿ ತೊಳೆದದ್ದು ಸಾಲದು, ಮೂಲಂಗಿ ದಪ್ಪಗೆ ಹೆಚ್ಚಿದ್ದಾರೆ ಎಂದು ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯುವಳು. ಊಟ ಮುಗಿದು ಜೊತೆಯವರು ಮನೆಗೆ ಹೊರಟರೆ ಮಾತ್ರ ತಣ್ಣಗಾಗಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ ನಿಲ್ಲುವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಬೈಯುವುದಕ್ಕೂ ಯಾರೂ ಇಲ್ಲ.

ಎದುರು ರಸ್ತೆಯ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಅಲ್ಲಿನ ನರ್ಸೊಬ್ಬಳು ಒಮ್ಮೆ ಬಂದು, "ಕೂಸಿನ ಖರ್ಚಿಗೆ ಪುಣ್ಯಾತ್ಮರು ಯಾರಾದ್ರೂ ಸಿಗ್ತಾರೆ ಅಜ್ಜಿ, ತಾಯಿ ಹೊಟ್ಟೆ ಕೇಳೋರೇ ಇಲ್ಲ. ಬರೀ ನೀರು ಕುಡ್ಕೊಂಡು ಬೆಂಚಿನ ಮೇಲೆ ಕೂತಿರ್ತಾರೆ" ಎಂದಳು. ಅವತ್ತಿನಿಂದ ಮೂಲೆಯ ಮೇಜು ಆ ಬಾಣಂತಿಯರದ್ದಾಯಿತು. ಹೆತ್ತವರಿಗೆ ಹಾಲಿಳಿಯಲೆಂದು ಆ ನಾಡಿನಲ್ಲಿ ಕೊಡುವ ಕಡಲಸೊಪ್ಪಿನ ಸಾರು ಕುದಿಸುವ ಕೆಲಸವನ್ನು ಮಾಲ್‌ಸುನ್ ಯಾರಿಗೂ ಬಿಟ್ಟುಕೊಡಲಿಲ್ಲ. ಕೇಡೆಂದು ಬಾಣಂತಿಯ ಸೊಪ್ಪನ್ನು ಮುರಿಯುವಂತಿಲ್ಲ, ಮಡಿಸುವಂತಿಲ್ಲ. ಆಳುದ್ದದ ಒಣಸೊಪ್ಪನ್ನು ಅಂಗಡಿಯಿಂದ ಎರಡೂ ಕೈಯಲ್ಲಿ ಹಾಗೇ ಎತ್ತಿಕೊಂಡು ಬರುವಳು. ಜೊತೆಗಾತಿ ಬೊಂಗ್ಜಾ ಒಂದು ಸಲ ಪಾತ್ರೆಗೆ ಹಿಡಿಸಲಿಲ್ಲವೆಂದು ಲಟಕ್ಕನೆ ಮುರಿದುಬಿಟ್ಟಳು. "ನಿನ್ ಸೊಂಟಾನೂ ಹಿಂಗೇ ಮುರೀಲಾ?" ಎಂದು ಅಜ್ಜಿ ಸೌಟು ಹಿಡಿದು ಅಟ್ಟಿಸಿಕೊಂಡು ಹೋದದ್ದು ಇವತ್ತಿಗೂ ಅಲ್ಲಿ ನಗೆಯ ಮಾತು. ಆದರೆ ಆ ಸಾರಿಗೆ ಉಪ್ಪು ನೋಡಲು ಬೊಂಗ್ಜಾಳನ್ನೇ ಕರೆಯುವಳು. ತಾನು ನಾಲಿಗೆಗೆ ಹಚ್ಚುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಹೇರಿನ್ ಎಂಬ ಹುಡುಗಿ ಬಂದಳು. ಗಂಡ ಮೀನಿನ ಹಡಗಿನಲ್ಲಿ ದೂರ ಹೋಗಿದ್ದ. ಏಳು ತಿಂಗಳಿಗೇ ಹುಟ್ಟಿದ ಕೂಸು ಪೆಟ್ಟಿಗೆಯಲ್ಲಿತ್ತು. ಇವಳು ದಿನಾ ಹಾಲು ಹಿಂಡಿ ಒಯ್ದು ಕೊಡಬೇಕು, ಅವರು ಅದನ್ನು ನಳಿಕೆಯಲ್ಲಿ ಹನಿಹನಿಯಾಗಿ ಹಾಕುತ್ತಾರೆ. ದಿನಕ್ಕೊಂದು ಪೊಟ್ಟಣ ನೂಡಲ್ಸ್ ತಿನ್ನುವವಳಿಗೆ ಹಾಲೆಲ್ಲಿಂದ ಬರಬೇಕು? ಬತ್ತುತ್ತ ಬಂದಿತ್ತು. ಹೇರಿನ್ ಎರಡು ತುತ್ತು ಅನ್ನ, ಚೂರು ಕಿಮ್ಚಿ ಉಪ್ಪಿನಕಾಯಿ ತಿಂದು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಕುಡಿ ಮಗಳೇ. ಹಾಲು ಪೂರ್ತಿ ಬತ್ತಿದ್ರೆ ಆ ಕೂಸಿನ ಗತಿ?"

"ಬೇಡ ಅಜ್ಜಿ. ಹುಟ್ಟುಹಬ್ಬಕ್ಕೆ ಕುಡಿಯೋ ಸಾರಲ್ವಾ ಇದು. ಕೂಸು ಮನೆಗೆ ಬರ್ಲಿ, ಆಮೇಲೆ ಕುಡೀತೀನಿ."

"ಅಲ್ಲೀವರ್ಗೂ ಗಾಳಿ ತಿಂತೀಯಾ?"

"ಈಗ್ಲೇ ಹಬ್ಬ ಮಾಡಿಬಿಟ್ಟು, ಆಮೇಲೆ ಏನಾದ್ರೂ ಆದ್ರೆ?"

ಅಜ್ಜಿ ದಿನವೂ ಬಡಿಸಿದಳು, ದಿನವೂ ಆರಿದ ಸಾರನ್ನು ಹಿಂದಕ್ಕೆ ಒಯ್ದಳು. ಒಂದು ಮಧ್ಯಾಹ್ನ ಹೇರಿನ್ ಅಳುತ್ತಲೇ ಬಂದು ಕೂತಳು. "ಇವತ್ತು ಒಂದು ಚಮಚದಷ್ಟೂ ಬರ್ಲಿಲ್ಲ ಅಜ್ಜಿ."

ಊಟದ ಹೊತ್ತಿನಲ್ಲಿ ಕೂತವಳೇ ಅಲ್ಲದ ಮಾಲ್‌ಸುನ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ನಮ್ಮತ್ತೇನೂ ನಿನ್ ಥರಾನೇ ಅಂದ್ಲು. ನಂದೂ ಏಳು ತಿಂಗಳಿಗೇ ಬಂತು. ಉಳಿದ್ರೆ ಸಾರು ಮಾಡೋಣ ಅಂತ ಸೊಪ್ಪನ್ನ ಅಟ್ಟಕ್ಕೇರಿಸಿದ್ಲು. ನೋಡ್ಬೇಡ, ನೋಡಿದ್ರೆ ಮಾಯೆ ಹತ್ತುತ್ತೆ ಅಂತ ಕೂಸನ್ನ ಬಟ್ಟೇಲಿ ಸುತ್ತಿ ಪಕ್ಕದ ಕೋಣೆಗೆ ಎತ್ಕೊಂಡ್ಹೋದ್ಲು. ಸಂಜೆವರ್ಗೂ ಅಳ್ತಿತ್ತು, ಬೆಕ್ಕಿನ ಮರಿ ಥರ. ಎದ್ದುಹೋಗೋ ಧೈರ್ಯ ನಂಗಿರ್ಲಿಲ್ಲ. ಆಮೇಲೆ ಅಳು ನಿಂತ್ಹೋಯ್ತು. ಸೊಪ್ಪು ಅಟ್ಟದಲ್ಲೇ ಉಳೀತು. ಇವತ್ತಿಗೂ ಈ ಸಾರು ನನ್ನ ಗಂಟಲಲ್ಲಿ ಇಳಿಯಲ್ಲ."

ಹೇರಿನ್ ಕಣ್ಣೊರೆಸಿಕೊಳ್ಳುವುದನ್ನೂ ಮರೆತಿದ್ದಳು.

"ಕೂಸು ಉಳೀತು ಅಂತ ಕುಡಿಯೋ ಸಾರಲ್ಲ ಕಣೇ ಇದು. ಹೆತ್ತವಳಿಗೆ ಅಂತ ಮಾಡೋದು. ನೀನು ಹೆತ್ತಿದ್ದೀಯ. ಅದು ಹುಟ್ಟಿದೆ. ನಾಳೆ ಏನೇ ಆಗ್ಲಿ, ಹುಟ್ಟಿದ್ದು ಸುಳ್ಳಾಗುತ್ತಾ?"

ಹೇರಿನ್ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ತಲೆ ಬಗ್ಗಿಸಿ ಕುಡಿಯತೊಡಗಿದವಳು ಅರ್ಧಕ್ಕೆ ನಿಲ್ಲಿಸಿ ಕೇಳಿದಳು: "ಅಜ್ಜಿ, ಗಂಡಾ? ಹೆಣ್ಣಾ?"

ಐವತ್ತು ವರ್ಷಗಳಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಅತ್ತೆ ಹೇಳಲಿಲ್ಲ, ಗಂಡ ಬಾಯಿ ಬಿಡಲಿಲ್ಲ. ತಾನಾಗಿ ಕೇಳಲು ಮಾಲ್‌ಸುನ್‌ಗೆ ಅಂಜಿಕೆ. ಕೂಸನ್ನು ಕಂಡವರೆಲ್ಲ ಈಗ ಮಣ್ಣಾಗಿದ್ದರು.

"ಗೊತ್ತಿಲ್ಲ ಮಗಳೇ" ಎಂದಳು.

ಹೇರಿನ್ ಬಟ್ಟಲು ಬರಿದು ಮಾಡಿ ಮುಂದಕ್ಕೆ ನೂಕಿ, "ಇನ್ನೊಂದ್ ಸೌಟು ಹಾಕಿ" ಎಂದಳು. ಮಾಲ್‌ಸುನ್ ಎದ್ದು ಬಡಿಸಿದಳು. ಸಂತೋಷಕ್ಕೋ ಸಂಕಟಕ್ಕೋ, ಬಟ್ಟಲು ತುಂಬಿದ ಮೇಲೂ ಸುರಿಯುತ್ತಲೇ ಇದ್ದಳು, ಸಾರು ಮೇಜಿನ ಮೇಲೆ ಹರಿಯಿತು. ಅದನ್ನು ಕಂಡ ಬೊಂಗ್ಜಾ ಬಟ್ಟೆ ತಂದು ಮೇಜು ಒರೆಸಿದಳು.

ಸಂಜೆ ಬಂದರಿನ ಗಾಳಿಗೆ ತಲೆಗೆ ಬಟ್ಟೆ ಬಿಗಿದುಕೊಂಡು ಒಬ್ಬಳೇ ಮನೆಗೆ ಹೊರಟಳು. ಮೀನಿನ ಮಾರುಕಟ್ಟೆಯವರೆಗೆ ಮಗ ಎಂದುಕೊಂಡು ನಡೆದಳು. ಅಲ್ಲಿಂದಾಚೆಗೆ ಮಗಳು ಎಂದುಕೊಂಡು ನೋಡಿದಳು. ಎರಡಕ್ಕೂ ಎದೆ ಒಂದೇ ಸಮನೆ ಉರಿಯಿತು. ಬಾಗಿಲ ಬೀಗ ತೆಗೆಯುವಾಗಲೂ ಅವಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.