ಕುಡಿಯದವನ ಲಿವರ್

ನಮ್ಮ ನೇಮಿನಾಥ ಮಾಮಾ ಜನ್ಮದಲ್ಲಿ ಬಾಟಲಿಯ ಮುಚ್ಚಳ ತೆಗೆದಿದ್ದರೆ ಅದು ಕೆಮ್ಮಿನ ಔಷಧಿಯದು. ಅದನ್ನೂ ಒಳಗೆ ಏನೇನು ಹಾಕಿದ್ದಾರೆ ಎಂದು ನನ್ನಿಂದ ಓದಿಸಿಕೊಂಡೇ ಕುಡಿಯುವವನು. ನಾನು ಅವನ ಅಕ್ಕನ ಮಗಳು, ಅವನ ಮನೆಯಲ್ಲೇ ಬೆಳೆದವಳು. ಹುಕ್ಕೇರಿಯಲ್ಲಿ ಕಿರಾಣಿ ಅಂಗಡಿ, ಬಸದಿಯ ಓಣಿಯಲ್ಲಿ ಮನೆ. ಈರುಳ್ಳಿ ಮುಟ್ಟಿದವನಲ್ಲ, ಹೊತ್ತು ಮುಳುಗಿದ ಮೇಲೆ ಉಂಡವನಲ್ಲ. ಅಂಥವನನ್ನು ಈ ಓಣಿ ಕುಡುಕ ಅಂದಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾಮಾನದು ತಪ್ಪೇ ಇಲ್ಲ ಅನ್ನುವುದಿಲ್ಲ. ರಾತ್ರಿ ಹಸಿವಾದರೆ ಏನು ಗತಿ ಎಂದು ಹೊತ್ತು ಮುಳುಗುವ ಮುಂಚೆಯೇ ರಾತ್ರಿಯದನ್ನೂ ಸೇರಿಸಿ ಉಣ್ಣುತ್ತಿದ್ದ. ತುಪ್ಪ ಸುರಿದ ಚಪಾತಿ, ಅದರ ಮೇಲೆ ಕರದಂಟು. ಉಳಿದ ಹೊತ್ತು ಅಂಗಡಿಯ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಹೊಟ್ಟೆ ಮುಂದೆ ಬಂದಷ್ಟೂ ಊರಿಗೆ ಖುಷಿ. ಮದುವೆಯ ಪಂಕ್ತಿಯಲ್ಲಿ ಬಸದಿಯ ಹಿರಿಯ ಪಾಯಪ್ಪ ಕಾಕಾ ತಾವೇ ಮುಂದೆ ನಿಂತು ಅವನ ಎಲೆಗೆ ಶ್ರೀಖಂಡ ಹಾಕಿಸುತ್ತಿದ್ದರು. "ಸಾವಕಾರಗ ಹೊಟ್ಟೀನ ಶೋಭಾ. ಹಾಕ್ರಿ ಇನ್ನೊಂದ ಸೌಟು."

ಈ ಮಳೆಗಾಲದಲ್ಲಿ ಮಾಮಾನಿಗೆ ಮೆಟ್ಟಿಲು ಹತ್ತಿದರೆ ಸುಸ್ತು, ಬಲಪಕ್ಕೆಯಲ್ಲಿ ಭಾರ. ನಾನೇ ಗೋಕಾಕಕ್ಕೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡುವವನು ಪರದೆ ನೋಡುತ್ತಲೇ, "ಎಷ್ಟ ವರ್ಷಾತ್ರಿ ಕುಡ್ಯಾಕತ್ತು?" ಎಂದು ಕೇಳಿದ. ಮಾಮಾನ ಮುಖ ಸಣ್ಣದಾಯಿತು. ಡಾಕ್ಟರ್ ಅರ್ಚನಾ ಮಾತ್ರ ಅವನ ಸೊಂಟ ಅಳೆದು, ಎದುರು ಕೂತು ಹೇಳಿದರು.

"ನೋಡ್ರಿ, ಹೊಟ್ಯಾಗಿನ ಬೊಜ್ಜು ಸುಮ್ನ ಬಿದ್ದಿರೂದಿಲ್ಲ. ಅದಕ್ಕೂ ಜೀವ ಐತಿ. ಹಿಡಿಸೂದಕ್ಕಿಂತ ಹೆಚ್ಚು ತುಂಬಿದ್ರ ಅದಕ್ಕ ಬಾವು ಬರತೈತಿ, ಜಿಡ್ಡು ಹಿಡ್ಕೊಳ್ಳಾಕ ಆಗಂಗಿಲ್ಲ. ಆ ಜಿಡ್ಡು ರಕ್ತದಾಗ ಹರ್ದು ಲಿವರಿಗೆ ಹೋಗಿ ಕೂಡತೈತಿ. ನಿಮ್ಮ ಲಿವರ್ ಬಾತು, ಈಗ ಗಟ್ಟಿ ಆಗಾಕತ್ತೈತಿ. ಕುಡಿಯೂದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಅಂದ್ರ ಗೋದಾಮು ತುಂಬಿ, ಉಳಿದ ಮಾಲ ಅಡಗಿ ಮನ್ಯಾಗ ಒಟ್ಟಿದಂಗಾತು," ಅಂದ ಮಾಮಾ.

"ಹೌದ್ರಿ. ತೂಕ ಇಳಿಸ್ರಿ. ಸುಧಾರಿಸಾಕ ಇನ್ನೂ ಟೈಮ್ ಐತಿ."

ಹೋಗಿ ಹೋಗಿ ವಾಪಸು ಬರುವ ಬಸ್ಸಿನಲ್ಲಿ ಪಾಯಪ್ಪ ಕಾಕಾ ಸಿಗಬೇಕೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಮುಚ್ಚಿಡುವುದು ಮಾಮಾನಿಗೆ ಗೊತ್ತಿಲ್ಲ. "ಲಿವರ್ ಕೆಟ್ಟೈತ್ರಿ," ಅಂದುಬಿಟ್ಟ. ಆಮೇಲೆ ಅವನು ಬೊಜ್ಜಿನ ಬಗ್ಗೆ ಹೇಳಿದ್ದೆಲ್ಲ ಕಾಕಾನ ಕಿವಿಗೆ ಬೀಳಲೇ ಇಲ್ಲ. ಲಿವರ್ ಕೆಟ್ಟಿತೆಂದರೆ ಶೆರೆ ಕುಡಿದದ್ದಕ್ಕೇ, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಸಂಜೆಯೊಳಗೆ ಓಣಿಗೆಲ್ಲ ಅದೇ ಸುದ್ದಿ.

ಅದು ಚಾತುರ್ಮಾಸ. ಬಸದಿಯಲ್ಲಿ ಮುನಿಗಳು ತಂಗಿದ್ದರು. ದಿನಕ್ಕೆ ಒಂದೇ ಸಲ ಆಹಾರಕ್ಕೆ ಹೊರಡುತ್ತಾರೆ. ಗಂಡ ಹೆಂಡತಿ ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಬಾಯಿಬಿಟ್ಟು ಹೇಳಿದರೇ ಮುನಿಗಳು ಒಳಗೆ ಬರುವುದು. ಮದುವೆಯಾದಾಗಿನಿಂದ ಮಾಮಾ ಒಂದು ವರ್ಷವೂ ತಪ್ಪಿಸಿದವನಲ್ಲ. ಅವನ ಪಾಲಿಗೆ ವರ್ಷವೆಂದರೆ ಅದೇ.

ಆ ಸಂಜೆ ಪಾಯಪ್ಪ ಕಾಕಾ ಮನೆಗೆ ಬಂದರು. "ನೇಮಿನಾಥ, ಈ ಸಲ ನೀ ನಿಲ್ಲಬ್ಯಾಡಪಾ. ಕಾಯಶುದ್ಧಿ ಅಂತ ಯಾವ ಬಾಯಿಲೆ ಹೇಳ್ತಿ?"

ಮಾಮಾ ಮುಂಜಾನೆ ಉಡಲೆಂದು ತೊಳೆದು ಮಡಚಿಟ್ಟಿದ್ದ ಧೋತರವನ್ನು ತೆಗೆದು ಪೆಟ್ಟಿಗೆಯೊಳಗಿಟ್ಟ. ಅದನ್ನು ನೋಡಿದ ಅವನ ಹೆಂಡತಿ ಕಮಲವ್ವ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದಳು. ಹಿರಿಯರ ಮುಂದೆ ಸೆರಗು ಸರಿಸದ ಹೆಂಗಸು ಅವಳು.

"ಇವರು ಕುಡ್ದಿದ್ದು ನೀವು ಕಣ್ಣಿಲೆ ನೋಡೀರೇನ್ರಿ? ಇಲ್ಲ. ಇವರ ಎಲಿಗೆ ನೀವು ಶ್ರೀಖಂಡ ಹಾಕ್ಸಿದ್ದು ನಾ ನೋಡೇನಿ. ಇವರ ಕಾಯ ಡಾಕ್ಟರ್ ನೋಡ್ಯಾರ. ನಾಳಿ ನಿಮ್ಮ ಬಾಗಲಾಗ ನಿಂತು ವಚನಶುದ್ಧಿ ಅಂತ ನೀವು ಯಾವ ಬಾಯಿಲೆ ಹೇಳ್ತೀರಿ ಕಾಕಾ?"

ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮುಂಜಾನೆ ಅತ್ತೆ ಪೆಟ್ಟಿಗೆಯಿಂದ ಧೋತರ ತೆಗೆದು ಮಾಮಾನ ಕೈಗೆ ಕೊಟ್ಟಳು. ಇಬ್ಬರೂ ಬಾಗಿಲಲ್ಲಿ ನಿಂತರು. ಎದುರು ಮನೆಯ ಬಾಗಿಲಲ್ಲಿ ಪಾಯಪ್ಪ ಕಾಕಾ ಮತ್ತು ಅವರ ಹೆಂಡತಿ. ಮುನಿಗಳು ಬಂದು ಅವರ ಮುಂದೆಯೇ ನಿಂತರು. ಕಾಕಾ ನಮಸ್ಕರಿಸಿ "ಮನಶುದ್ಧಿ" ಅಂದರು. ಎರಡನೆಯದು ಬರಲಿಲ್ಲ. ಕಣ್ಣು ನಮ್ಮ ಬಾಗಿಲಿಗೆ ಬಂತು, ಬಾಯಿ ತೆರೆದೇ ಇತ್ತು. ಮುನಿಗಳು ತುಸು ಹೊತ್ತು ಕಾದು ಮುಂದೆ ನಡೆದರು.

ಆಹಾರ ನಮ್ಮ ಬಾಜೂ ಮನೆಯಲ್ಲಾಯಿತು. ಶುದ್ಧಿ ಹೇಳಿ ಒಳಗೆ ಹೋಗಿ ಒಂದು ತುತ್ತು ಕೊಡಲು ಯಾರಿಗೂ ಅಡ್ಡಿಯಿಲ್ಲ. ಮಾಮಾ ಹೋದ. ಮೂರನ್ನೂ ಓಣಿಗೆಲ್ಲ ಕೇಳುವಂತೆ ಹೇಳಿ, ಮುನಿಗಳ ಬೊಗಸೆಗೆ ತುತ್ತು ಹಾಕಿದ. ಒಬ್ಬರೂ ತಡೆಯಲಿಲ್ಲ.

ಹೊರಗೆ ಬಂದಾಗ ಕಾಕಾ ಇನ್ನೂ ಕಲಶ ಹಿಡಿದೇ ನಿಂತಿದ್ದರು.

"ಪಾಪ, ಭಾಳ ಆಸೆ ಇಟ್ಕೊಂಡಿದ್ರು," ಅಂದ ಮಾಮಾ.

ನನಗೆ ಪಾಪ ಅನ್ನಿಸಲಿಲ್ಲ.