ಯಾವ ಕೊರತೆಯೂ ಇಲ್ಲದ ವತ್ಸಲಾಬಾಯಿ

ಹಲಬರ್ಗಾದಲ್ಲಿ ವತ್ಸಲಾಬಾಯಿಯವರ ಹಿಟ್ಟಿನ ಗಿರಣಿಗೆ ಹೋಗಿ ಬೈಸಿಕೊಳ್ಳದೆ ಬಂದವರು ಇಲ್ಲ. ಜೋಳ ಹಸನು ಮಾಡದೆ ತಂದರೆ ಬೈಗುಳ, ಹಸನು ಮಾಡಿ ತಂದು ಅವಸರ ಮಾಡಿದರೂ ಬೈಗುಳ. ನಾನು ಭಕ್ತಿ, ಇಲ್ಲಿನ ಶಾಲೆಯ ಟೀಚರ್, ಅವರ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದೇನೆ. ಗಿರಣಿಯಲ್ಲಿ ನನಗೂ ಯಾವ ರಿಯಾಯಿತಿ ಇಲ್ಲ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ನಡೆಸಿಕೊಂಡು ಬಂದವರು, ಎಪ್ಪತ್ತು ದಾಟಿದ ಮೇಲೂ ದನಿ ಮಾತ್ರ ಮೋಟಾರಿನ ಸದ್ದಿಗಿಂತ ಒಂದು ಕೈ ಮೇಲೆಯೇ ಇತ್ತು.

ಗಿರಣಿ ಇರುವುದು ಭಾಲ್ಕಿ ಬಸ್ಸು ನಿಲ್ಲುವ ರಸ್ತೆಯಲ್ಲಿ, ಮನೆ ಇರುವುದು ಹಿಂದಿನ ಓಣಿಯಲ್ಲಿ. ಓಣಿ ತಿರುಗಿ ಹೊಸ್ತಿಲು ದಾಟಿದರೆಂದರೆ ಇವರು ಬೇರೆಯೇ ಮನುಷ್ಯರು. ಮನೆಗೆ ಬಂದವರ ಮುಂದೆ ತಮಗೇನೋ ಕಮ್ಮಿ ಇದೆ ಎನ್ನುವುದು ಅವರ ಪಾಲಿಗೆ ಬಂದವರ ಮುಂದೆ ಕೈ ಒಡ್ಡಿದ ಹಾಗೆ. ಗ್ಯಾಸ್ ಮುಗಿದಿದ್ದರೆ ಪಕ್ಕದ ಮನೆಯ ಹಮೀದುನ್ನಿಸಾ ಚಹಾ ಮಾಡಿ ಹಿತ್ತಿಲ ಬಾಗಿಲಿನಿಂದ ದಾಟಿಸುತ್ತಾರೆ. ಮೈಯಲ್ಲಿ ಜ್ವರ ಕುದಿಯುತ್ತಿದ್ದರೂ ಬಂದವರಿಗೆ ಸಿಗುವ ಉತ್ತರ, "ಆರಾಮ ಅದೀನ್ರಿ." ಮಗ ಆಶೀಷ ಔರಾದದ ಪಶು ಆಸ್ಪತ್ರೆಯಲ್ಲಿದ್ದಾನೆ, ಬಿಡುವಾದಾಗಲೆಲ್ಲ ಬರುತ್ತಾನೆ. ಬೇರೆ ಊರಲ್ಲಿ ಸಂಸಾರ ಹೂಡಿದ ಮೇಲೆ ಅವನೂ ಬಂದವರ ಲೆಕ್ಕಕ್ಕೇ ಸೇರಿದ. ಅವನಿಗೂ ಅದೇ ಉತ್ತರ.

ಅವರ ಎಡಗಣ್ಣಿಗೆ ಹಿಂದೆಂದೋ ಗಿರಣಿಯ ನುಚ್ಚು ಸಿಡಿದು ಆ ಕಣ್ಣು ಆಗಲೇ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬರತೊಡಗಿತು. ಒಂದು ದಿನ ಬಕ್ಕಪ್ಪನ ಜೋಳದ ಜೊತೆ ಯಾರದೋ ಕಡಲೆಬೇಳೆಯನ್ನೂ ಸುರಿದು ಬೀಸಿಬಿಟ್ಟರು. ರೊಟ್ಟಿ ಬಜ್ಜಿಯ ಹಾಗೆ ನಾರುತ್ತಿದೆ ಎಂದು ಬಕ್ಕಪ್ಪ ಬಂದು ಹೇಳಿದ, ನಾಲಿಗೆ ಕೆಟ್ಟಿದೆ ಎಂದು ಬೈಸಿಕೊಂಡು ಹೋದ. ಇನ್ನೊಂದು ದಿನ ಓಡುತ್ತಿದ್ದ ಮೋಟಾರಿನ ಬೆಲ್ಟಿನ ಕಡೆಗೆ ಅವರ ಸೆರಗು ಹೋಗುವುದನ್ನು ಕಂಡು ನಾನು ಹಿಂದಕ್ಕೆ ಎಳೆದೆ. ಈ ಕಣ್ಣೂ ಹೋದರೆ ಗಿರಣಿ ಹೋಗುತ್ತದೆ, ಗಿರಣಿ ಹೋದರೆ ಈ ಹೆಂಗಸು ಯಾರನ್ನು ಬೈದುಕೊಂಡು ಬದುಕಬೇಕು? ಆಶೀಷನಿಗೆ ಫೋನು ಮಾಡಿ ಹೇಳಿದೆ. ಅವನು ಬಂದು ಕೇಳಿದ. ಟೀಚರಿಗೇ ಚಷ್ಮಾ ಬೇಕಾಗಿದೆ ಎಂದು ತಾಯಿ ಹೇಳಿದರು.

ಬೀದರಿಗೆ ಹೋಗಿ ತೋರಿಸೋಣ ಎಂದರೆ ಒಪ್ಪಲಿಲ್ಲ.

"ಕ್ಯಾಂಪ್ ಬಂದ್ರ ನಾಕ್ ಮಂದಿ ಸಂಗಟ ಹೋಗ್ತೇನ್ರಿ. ಒಬ್ಬಾಕಿನೇ ಹೋಗಿ ಕಣ್ಣು ಮಾಡಿಕೊಡ್ರಂತ ಕೇಳಲ್ಲ" ಎಂದರು.

ಸರ್ಕಾರದ ಕಣ್ಣಿನ ಕ್ಯಾಂಪು ಎಲ್ಲಿಗೆ ಬರುತ್ತದೆ ಎಂಬುದು ಹಿರಿಯ ನಾಗರಿಕರ ಸೇವೆಗಳ ವಾರ್ಷಿಕ ವರದಿಯ ಮೇಲೆ ನಿಂತಿದೆ. ಸರ್ವೇದವರು ವಯಸ್ಸಾದವರನ್ನು ಕಂಡು, ಯಾವ ಸೇವೆ ತಲುಪಿದೆ, ಏನು ಕೊರತೆ ಇದೆ ಎಂದು ಕೇಳುತ್ತಾರೆ. ಕೊರತೆ ಕಂಡಲ್ಲಿಗೆ ಕ್ಯಾಂಪು. ಪಾಠಕ್ಕಿಂತ ಹೆಚ್ಚು ಹೊತ್ತು ವರದಿ ತುಂಬುವವಳು ನಾನು, ಇದರಲ್ಲಿ ತಪ್ಪು ಕಾಣಲಿಲ್ಲ.

ಮೊದಲ ವರ್ಷ ಒಬ್ಬ ಹೆಣ್ಣುಮಗಳು ಬಂದಳು. ವತ್ಸಲಾಬಾಯಿ ಚಹಾ ಕೊಟ್ಟರು, ಚುಡುವಾ ಕೊಟ್ಟರು, ಏನೂ ಕೊರತೆ ಇಲ್ಲ ಎಂದರು. ನಾನು ನಡುವೆ ಬಾಯಿ ಹಾಕಿ ಕಣ್ಣಿನ ವಿಷಯ ಹೇಳಿದೆ. ಫಲಾನುಭವಿಯ ಬಾಯಿಂದ ಬಂದದ್ದನ್ನೇ ಬರೆಯಬೇಕೆಂದು ಅವಳು ವಿನಯದಿಂದ ತಿಳಿಸಿದಳು. ಊರಿನ ಮಿಕ್ಕ ಮುದುಕರೂ ವತ್ಸಲಾಬಾಯಿಯ ಹಾಗೆಯೇ ಮರ್ಯಾದಸ್ಥರು. ಹಮೀದುನ್ನಿಸಾ ಕೂಡ, ನನ್ನ ಕಣ್ಣೆದುರೇ, ತಿಂಗಳುಗಟ್ಟಲೆ ಸಿಗದ ತಮ್ಮ ಬಿಪಿ ಗುಳಿಗೆ ತಪ್ಪದೆ ಸಿಗುತ್ತಿದೆ ಎಂದುಬಿಟ್ಟರು. ವರದಿಯಲ್ಲಿ ಹಲಬರ್ಗಾ ಸಂತೃಪ್ತ ಗ್ರಾಮವಾಯಿತು.

ಕ್ಯಾಂಪು ಠಾಣಾ ಕುಶನೂರಿಗೆ ಹೋಯಿತು. ಅಲ್ಲಿಯವರೇನು ಮರ್ಯಾದೆ ಬಿಟ್ಟವರಲ್ಲ. ಅಲ್ಲಿನ ಸರ್ವೇದವನು ಮನೆ ಮನೆ ತಿರುಗಲು ಬೇಜಾರಾಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬಸ್ಸಿಗೆ ಕಾಯುವ ಮುದುಕರನ್ನೇ ಕೇಳಿದ್ದ. ರಸ್ತೆಯಲ್ಲಿ ನಿಂತವರಿಗೆ ಸರ್ಕಾರವನ್ನು ಬೈಯಲು ಏನು ಸಂಕೋಚ? ಊರಿನ ಕೊರತೆಯೆಲ್ಲ ಒಂದೇ ದಿನದಲ್ಲಿ ಹೊರಬಂತು. ಇದರಿಂದ ಜಿಲ್ಲೆಯ ಅಂಕ ಇಳಿಯಿತೆಂದು ಮೇಲಿನವರಿಗೆ ಸಿಟ್ಟು ಬಂದು, ಇನ್ನು ಮುಂದೆ ಮನೆಯೊಳಗೇ ಕೂತು, ಫೋಟೋ ತೆಗೆದು, ಫೋನಿನಲ್ಲಿ ಜಾಗ ತೋರಿಸಿಯೇ ಉತ್ತರ ತುಂಬಬೇಕೆಂದು ನಿಯಮ ಮಾಡಿದರು.

ಮುಂದಿನ ವರ್ಷ ಬಂದವನು ಆಲ್ವಿನ, ಬೀದರಿನ ಹುಡುಗ. ಅಷ್ಟರಲ್ಲಿ ವತ್ಸಲಾಬಾಯಿ ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಹಮೀದುನ್ನಿಸಾ ಅವನನ್ನು ಓಣಿಗೆ ಹೋಗಗೊಡದೆ ನೇರವಾಗಿ ಗಿರಣಿಗೆ ಕರೆತಂದರು. ಅಲ್ಲಿ ವತ್ಸಲಾಬಾಯಿ ಸರ್ಕಾರ, ಕ್ಯಾಂಪು, ಕಣ್ಣು, ಕುಶನೂರು, ಯಾವುದನ್ನೂ ಬಿಡದೆ ಬೈದರು. ಆಲ್ವಿನ ಎಲ್ಲ ಕೇಳಿಸಿಕೊಂಡ.

"ಆಯಿ, ಬರೋಬರಿ ಅದರಿ. ಆದ್ರ ಇದನ್ನ ಮನ್ಯಾಗ ಕೂತು ಹೇಳಬೇಕ್ರಿ. ಇಲ್ಲಂದ್ರ ಈ ಫೋನ್ ಉತ್ತರಾನೇ ತಗೋಳಲ್ರಿ."

ಮನೆಗೆ ಹೋದೆವು. ಹೊಸ್ತಿಲು ದಾಟಿದ ಕೂಡಲೇ ವತ್ಸಲಾಬಾಯಿಯ ದನಿ ಇಳಿಯಿತು. "ಬರ್ರಿ, ಕೂಡ್ರಿ, ಬಿಸಿಲಾಗ ಬಂದೀರಿ" ಎಂದು ನೀರಿಗೆ ಒಳಗೆ ಹೋದರು. ಇನ್ನೇನು, ಮುಗಿಯಿತು ಎಂದುಕೊಂಡೆ.

ಆಲ್ವಿನ ನನ್ನ ಕಡೆ ಬಾಗಿ ಮೆಲ್ಲಗೆ, "ನಮ್ಮ ರೂತಮ್ಮಜ್ಜಿನೂ ಹಿಂಗೇರಿ, ಟೀಚರ್. ಬಿದ್ದು ಕೈ ಮುರಕೊಂಡ್ರೂ ಪಾದ್ರಿಗಳಿಗೆ ಕೇಕ್ ಕೊಟ್ಟೇ ಕಳಿಸಿದಾಕಿ" ಎಂದ. ಆಮೇಲೆ ಕುರ್ಚಿಯಿಂದ ಎದ್ದು ನಿಂತ.

ವತ್ಸಲಾಬಾಯಿ ತಂಬಿಗೆ ಹಿಡಿದು ಬಂದರು.

"ಬ್ಯಾಡ್ರಿ" ಎಂದ.

"ಚಾ ಇಡ್ತೇನ್ರಿ ಮತ್ತ."

"ಚಾನೂ ಬ್ಯಾಡ್ರಿ. ನಿಮ್ಮ ಮನ್ಯಾಗ ನಾ ಏನೂ ತಗೋಳಲ್ರಿ."

ತಂಬಿಗೆ ಹಿಡಿದ ಕೈ ಹಾಗೇ ನಿಂತಿತು. ಹಮೀದುನ್ನಿಸಾ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯಾಕ್ರಿ? ನಮ್ಮ ಮನಿ ನೀರು ನಿಮಗ ಆಗಂಗಿಲ್ಲೇನು?"

ಆಲ್ವಿನನ ಕಿವಿ ಕೆಂಪಾಗಿದ್ದವು. ಹೊರಗೆ ಏಪ್ರಿಲ್ ಬಿಸಿಲು, ಬಸ್ಸು ಇಳಿದು ನಡೆದು ಬಂದ ಹುಡುಗ ನೀರಿನ ಕಡೆ ನೋಡದೆ ಫೋನು ತೆಗೆದು, "ಕಣ್ಣು ಹ್ಯಾಂಗ ಅವರಿ?" ಎಂದು ಮಾತ್ರ ಕೇಳಿದ.

"ಹ್ಯಾಂಗ ಇರ್ತಾವ? ನಿನ್ನ ಮಾರಿ ಕಾಣಂಗಿಲ್ಲ ನನಗ. ಕಾಣದ್ದೇ ಛಲೋ ಆಯ್ತು" ಎಂದರು ವತ್ಸಲಾಬಾಯಿ. ಅಲ್ಲಿಂದ ಗಿರಣಿಯ ದನಿಯೇ ಶುರುವಾಯಿತು. ನೀರು ಒಲ್ಲೆ ಎಂದವನು ಇನ್ನೆಲ್ಲಿಯ ಬಂದವನು? ಅವನು ಒಂದೊಂದಾಗಿ ಕೇಳಿದ, ಅವರು ಒಂದೊಂದಕ್ಕೂ ಬೈದರು, ಅವನು ಎಲ್ಲವನ್ನೂ ತುಂಬಿಕೊಂಡ. ಫೋಟೋದಲ್ಲಿ ಅವರು ಕೈಯೆತ್ತಿ ಬಾಗಿಲು ತೋರಿಸುತ್ತಿದ್ದಾರೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕ್ಯಾಂಪಿನ ಗಾಡಿ ಹಲಬರ್ಗಾಕ್ಕೆ ಬಂತು. ವತ್ಸಲಾಬಾಯಿಯ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಬಕ್ಕಪ್ಪನ ಜೋಳ ಕಂಡಿತು, ಅದರಲ್ಲಿನ ಕಲ್ಲೂ ಕಂಡಿತು, ಬಕ್ಕಪ್ಪ ಬೈಸಿಕೊಂಡ. ನನಗೆ ಅಂದು ಎಷ್ಟು ಸಂತೋಷವಾಯಿತೆಂದರೆ ಶಾಲೆಯಲ್ಲಿ ಮಕ್ಕಳಿಗೆ ಪೇಡೆ ಹಂಚಿದೆ. ಆದರೆ ಆಲ್ವಿನನ ಹೆಸರೆತ್ತಿದರೆ ವತ್ಸಲಾಬಾಯಿ ಎದ್ದು ಹೋಗುತ್ತಿದ್ದರು. ಅವನು ಬೇಕೆಂದೇ ಹಾಗೆ ಮಾಡಿದ್ದು ಎಂದು ವಿವರಿಸಿ ಹೇಳಿದೆ.

"ಗೊತ್ತದರಿ. ಗೊತ್ತಾದ್ರೂ ತಂಬಗಿ ತುಂಬಿದ್ದು ಹಂಗೇ ಒಳಗ ಒಯ್ದೆನಲ್ರಿ" ಎಂದರು.

ಈ ವರ್ಷ ಅವನೇ ಮತ್ತೆ ಬಂದ. ಅಷ್ಟರಲ್ಲಿ ಅವರ ಮೊಣಕಾಲು ಊದಿಕೊಂಡಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ತಾವೇ ಎಣ್ಣೆ ತಿಕ್ಕಿಕೊಂಡು ನರಳುವುದು ನನಗೆ ಗೋಡೆಯಾಚೆ ಕೇಳಿಸುತ್ತಿತ್ತು. ಕೊರತೆ ಬರೆಸಿದವರ ಊರಿಗೆ ಈ ಸಲ ಮೊಣಕಾಲು ನೋಡುವ ಡಾಕ್ಟರು ಬರುವರೆಂದು ಸುದ್ದಿಯಿತ್ತು. ಓಣಿಯ ತಿರುವಿನಲ್ಲಿ ಆಲ್ವಿನನನ್ನು ನಿಲ್ಲಿಸಿ ಹೇಳಿದೆ. "ಮೊಣಕಾಲ್ರಿ. ಚಾ ಕುಡೀಬ್ಯಾಡ್ರಿ." ಅವನು ತಲೆಯಾಡಿಸಿದ.

ವತ್ಸಲಾಬಾಯಿ ಬಸ್ಸಿಳಿದ ಅವನ ದನಿಯನ್ನು ಗಿರಣಿಯಿಂದಲೇ ಗುರುತಿಸಿ, ಕುಂಟುತ್ತ ಮೊದಲೇ ಮನೆ ಸೇರಿದ್ದರು. ನೀರಿನ ತಂಬಿಗೆಯನ್ನು ಅವನ ಮುಂದಿಟ್ಟು ಎದುರಿಗೇ ನಿಂತರು. ಮುಖವನ್ನು ಬಹಳ ಹೊತ್ತು ನೋಡಿದರು.

"ಸಣ್ಣ ಹುಡುಗ ಇದ್ದೀರಿ ನೀವು. ನನಗ ಗೊತ್ತೇ ಇರಲಿಲ್ಲ" ಎಂದರು. "ಹೋದ ಸಲ ಒಣಾ ಬಾಯಿಲೆ ನನ್ನ ಮನಿಯಿಂದ ಹೋದ್ರಿ. ಕುಡೀರಿ."

"ಆಯಿ, ಮೊದಲ ಸವಾಲ ಕೇಳಿಬಿಡ್ತೇನ್ರಿ, ಆಮ್ಯಾಲ—"

"ನಮ್ಮ ಮನ್ಯಾಗ ಹಂಗ ಪದ್ಧತಿ ಇಲ್ರಿ."

ಆಲ್ವಿನ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಅವನು ತಂಬಿಗೆ ಎತ್ತಿ ನೀರು ಕುಡಿದ. ಚಹಾ ಬಂತು, ಕುಡಿದ. ಇನ್ನೊಂದು ಕಪ್ ತುಂಬಿದರು, ಅದನ್ನೂ ಕುಡಿದ. ಆಮೇಲೆ ಫೋನು ತೆಗೆದು, ಕಾಲು ಹೇಗಿವೆ ಎಂದು ಕೇಳಿದ.

"ಗಟ್ಟಿ ಅವರಿ. ಏನೂ ತಕಲೀಫ್ ಇಲ್ಲ."

ಅವನು ಅದನ್ನೇ ತುಂಬಿದ. ಅವರ ಮನೆಯ ಚಹಾ ಕುಡಿದ ಬಾಯಿಂದ ಇನ್ನೇನು ತಾನೇ ಕೇಳಿಯಾನು? ಫೋಟೋದಲ್ಲಿ ವತ್ಸಲಾಬಾಯಿ ನಗುತ್ತಿದ್ದಾರೆ.

ಅವನು ಓಣಿ ದಾಟುವ ತನಕ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಆಮೇಲೆ ಬಾಗಿಲು ಹಾಕಿ, ಗೋಡೆ ಹಿಡಿದುಕೊಂಡು ಬಂದು, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು ಕಾಲು ಚಾಚಿದರು. ಸೀರೆ ಮೊಣಕಾಲಿನ ಮೇಲಕ್ಕೆ ಸರಿದಿದ್ದನ್ನು ಸರಿಮಾಡಿಕೊಳ್ಳಲಿಲ್ಲ.

"ಎರಡ ಕಪ್ ಕುಡದ, ನೋಡಿದಿ?" ಎಂದರು.

ನೋಡಿದೆ ಎಂದೆ.

"ಭಕ್ತಿ, ಭಾಳ ನೋಯ್ತದವಾ. ಆ ಎಣ್ಣಿ ಬಿಸಿ ಮಾಡಿ ತಾ."

ನಾನು ಈ ಮನೆಗೆ ಬಾಡಿಗೆಗೆ ಬಂದಾಗಿನಿಂದ ಅವರು ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ. ನಾನು ಎದ್ದು ಒಲೆ ಹಚ್ಚಿದೆ.