ಹುಕ್ಕೇರಿಯಲ್ಲಿ ಕೇದಾರಿ ಊದಿದ ಸೊನಾಟಾ

ಮೂಡಲಗಿಯ ಕೇದಾರಿ ಪಲ್ಟನ್ನಿನ ಬ್ಯಾಂಡಿನಲ್ಲಿ ಹನ್ನೊಂದು ವರ್ಷ ಟ್ರಂಬೋನ್ ಊದಿ, ೧೯೫೧ರಲ್ಲಿ ಊರಿಗೆ ಬಂದ. ಹಿತ್ತಾಳೆಯ ಆ ವಾದ್ಯದಲ್ಲಿ ಒಂದು ಕೊಳವೆಯ ಮೇಲೆ ಇನ್ನೊಂದು ಜಾರಬೇಕು. ಹಿಂದೆ ಮುಂದೆ ಎಳೆದಂತೆ ಸ್ವರ ಬದಲಾಗುತ್ತದೆ. ಮಂದಿ ಅದಕ್ಕೆ ಜಗ್ಗುತುತ್ತೂರಿ ಎಂದು ಹೆಸರಿಟ್ಟು ನಕ್ಕರು. ಊರ ಹಿರಿಯರು, ಅಪ್ಪನಂತೆ ಹಲಗೆ ಹಿಡಿ ಎಂದು ಹೇಳಿಕಳಿಸಿದರು. ಸತ್ತರೂ ಹಿಡಿಯಲಾರೆ ಎಂದು ಕೇದಾರಿ ಹಲ್ಲು ಕಚ್ಚಿ ಕೂತ.

ಆಗ ಹುಕ್ಕೇರಿಯ ಬೋರ್ಡಿಂಗ್ ಶಾಲೆಗೆ ಬ್ಯಾಂಡ್ ಮಾಸ್ತರ ಬೇಕಾಗಿದ್ದ. ಕೇದಾರಿ ಅರ್ಜಿ ಹಾಕಿದ. ಅಲ್ಲಿಯ ವಿಲಾಯತಿ ಹೆಡ್ ಮಾಸ್ತರರ ಹೆಂಡತಿಯನ್ನು ಎಲ್ಲರೂ ಬಾಯಿಸಾಹೇಬರು ಅನ್ನುತ್ತಿದ್ದರು. ಅವರು ಟ್ರಂಬೋನಿಗೂ ತಮ್ಮ ಪಿಯಾನೊಗೂ ಕೂಡಿ ಹೊಸದೊಂದು ಸೊನಾಟಾ ಬರೆದಿದ್ದರು. ಮೂರು ಭಾಗದ ಸಂಗೀತ, ಎರಡೂ ವಾದ್ಯಕ್ಕೆ ಸರಿಸಮ ಪಾಲು. ಶಾಲೆಯ ಕಮಿಟಿಯ ಹಿರಿಯ ಬಸವಣ್ಣೆಪ್ಪನವರು ಅದನ್ನೇ ಪರೀಕ್ಷೆಗೆ ಇಟ್ಟರು.

"ಹಲಗಿ ಬಡಿಯೋ ಮಂದಿ ಕಾಗದ ನೋಡಿ ಊದತಾರಂತ? ನೋಡೂಣು. ಒಂದ ಕಡೆ ತಪ್ಪಿದ್ರೂ ಬಂದ ಬಸ್ಸಿಗೆ ಹೋಗ್ಲಿ."

ಎರಡು ತಿಂಗಳು ಕೇದಾರಿ ಹಳ್ಳದ ದಂಡೆಗೆ ಕೂತು ಊದಿದ. ಪಲ್ಟನ್ನಿನ ಹಾಡೆಲ್ಲ ಎಡಗಾಲು ಬಲಗಾಲಿನ ಲೆಕ್ಕದವು. ಇದರ ತಾಳ ಒಮ್ಮೆ ಐದು ಪೆಟ್ಟಿಗೆ, ಒಮ್ಮೆ ಏಳಕ್ಕೆ ಹೊರಳುತ್ತಿತ್ತು. ಕೊನೆಗೆ ಅಪ್ಪನ ಹಲಗೆಯ ಪೆಟ್ಟು ನೆನೆಸಿಕೊಂಡ ಮೇಲೆ ಎಣಿಕೆ ಕುದುರಿತು. ಅದನ್ನು ಯಾರ ಮುಂದೂ ಬಾಯಿಬಿಡಲಿಲ್ಲ.

ಪರೀಕ್ಷೆ ಬಿದ್ದದ್ದು ಖಂಡೇನವಮಿಯ ದಿನ. ಕುಡಗೋಲು, ಕೊಡಲಿಗೆಲ್ಲ ಪೂಜೆ. ಕೇದಾರಿ ಜಳಕಕ್ಕೆ ಹೋದಾಗ ಹೆಂಡತಿ ಕರೆವ್ವ ಟ್ರಂಬೋನಿನ ಹೊರಗೊಳವೆ ಜಗ್ಗಿ, ಒಳಗೊಳವೆಯ ಮಿರುಗುವ ಮೈಗೆ ಎಣ್ಣೆ ಕಲಸಿದ ಕುಂಕುಮ ಹಚ್ಚಿ, ಕೈಮುಗಿದು ಮತ್ತೆ ಸೇರಿಸಿಟ್ಟಳು. ಅವಸರದಲ್ಲಿ ಕೇದಾರಿ ಅದನ್ನು ಚೀಲಕ್ಕೆ ತುರುಕಿ, ಗೋಕಾಕದಲ್ಲಿ ಬಸ್ಸು ಬದಲಿಸಿ, ಹೊತ್ತಿಗೆ ಸರಿಯಾಗಿ ಹುಕ್ಕೇರಿ ಮುಟ್ಟಿದ.

ಮೊದಲ ಭಾಗದಲ್ಲೇ ಕೊಳವೆ ಭಾರವಾಯಿತು. ಎರಡನೆಯದರಲ್ಲಿ ತೋಳುದ್ದ ಚಾಚಬೇಕಾದಲ್ಲಿ ನಡುವೆಯೇ ಕಚ್ಚಿಕೊಂಡಿತು. ಹೇಗೋ ತುಟಿ ಬಿಗಿದು ಆ ಸ್ವರ ದಾಟಿಸಿದ. ಮುಂದೆ ಪಿಯಾನೊ ಒಂದೇ ನುಡಿಯಬೇಕು. ಟ್ರಂಬೋನಿಗೆ ಏಳೇಳು ಪೆಟ್ಟಿನ ಒಂಬತ್ತು ಆವರ್ತ ಬಿಡುವು.

ಕೇದಾರಿ ಎಣಿಸುತ್ತಲೇ ಕೊಳವೆ ಬಿಚ್ಚಿದ. ಕೆಂಪು ಕಂಡೊಡನೆ ಯಾರ ಕೈಕೆಲಸವೆಂದು ತಿಳಿಯಿತು. ತಲೆಯ ಪಟಗಾ ಎಳೆದು ತಿಕ್ಕತೊಡಗಿದ. ಮೂರು. ನಾಲ್ಕು.

"ಏನೋ ಕೇದಾರಿ, ಗಾಲಿಗೆ ಎಣ್ಣಿ ಹಾಕಾಕತ್ತೀಯೇನು?" ಎಂದರು ಬಸವಣ್ಣೆಪ್ಪನವರು. ಕುರ್ಚಿಗಳೆಲ್ಲ ನಕ್ಕವು.

ಕೇದಾರಿ ತಲೆ ಎತ್ತಲಿಲ್ಲ. ಆರು. ಪಟಗಾದ ಚುಂಗನ್ನು ಹೊರಗೊಳವೆಯೊಳಗೆ ತೂರಿಸಿ ಎಳೆದ. ಎಂಟು. ಸೇರಿಸುವಾಗ ಒಮ್ಮೆ ತಪ್ಪಿತು. ಒಂಬತ್ತರ ಕೊನೆಯ ಪೆಟ್ಟಿಗೆ ಉಸಿರೆಳೆದು ಊದಿದ. ಕೊಳವೆ ತುದಿಯತನಕ ಜಾರಿತು. ಬಾಯಿಸಾಹೇಬರು ಕಣ್ಣೆತ್ತದೆ ಜೊತೆಗೂಡಿದರು. ಮೂರನೆಯ ಭಾಗ ಮುಗಿಯುವ ತನಕ ಇಬ್ಬರೂ ನಿಲ್ಲಲಿಲ್ಲ.

ಕೇಳಿದ್ದಕ್ಕೆ ಉತ್ತರ ಯಾಕೆ ಕೊಡಲಿಲ್ಲ ಎಂದು ಬಸವಣ್ಣೆಪ್ಪನವರು ಗದರಿದರು.

"ಕೊಟ್ಟಿದ್ರ ಎಣಿಕಿ ತಪ್ಪತಿತ್ರಿ, ಗೌಡ್ರ. ಎಷ್ಟೊತ್ತು ಸುಮ್ಮನಿರಬೇಕಂತನೂ ಕಾಗದದಾಗ ಬರದೈತ್ರಿ."

ಬಾಯಿಸಾಹೇಬರು ಕಾಗದ ತಂದು ಆ ಬಿಡುವಿನ ಸಾಲಿನ ಮೇಲೆ ಬೆರಳಿಟ್ಟರು. ಬಸವಣ್ಣೆಪ್ಪನವರು ಸ್ವರವಿಲ್ಲದ ಖಾಲಿ ಮನೆಗಳನ್ನು ಒಂದೊಂದಾಗಿ ಎಣಿಸಿದರು. ಒಂಬತ್ತು. ಕನ್ನಡಕ ತೆಗೆದು ಒರೆಸಿಕೊಂಡು ಕೇದಾರಿಯತ್ತ ತಿರುಗಿದರು.

"ಸೋಮವಾರದಿಂದ ಬರ್ರಿ, ಮಾಸ್ತರ."